ಗಣಕ ಯಂತ್ರಕ್ಕೆ ಅಡ್ಡ ಬಂದ ಕೂಲಿ ಲೆಕ್ಕ

ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮೇಜಿನ ಮೇಲಿಡಬಹುದಾದಷ್ಟು ದೊಡ್ಡದಾದ ಒಂದು ಲೋಹದ ಯಂತ್ರವಿದೆ. ಮೂರು ಸಾಲುಗಳಲ್ಲಿ ಒಂದರ ಮೇಲೊಂದು ಗಾಲಿಗಳು, ಗಾಲಿಗಳ ಮೇಲೆ ಅಂಕಿಗಳು, ಮೇಲ್ಗಡೆ ತಿರುಗಿಸಲು ಒಂದು ಹಿಡಿ. 1832ರಲ್ಲಿ ಜೋಡಿಸಿದ ಈ ಯಂತ್ರ ಇಂದಿಗೂ ತಪ್ಪಿಲ್ಲದೆ ಲೆಕ್ಕ ಮಾಡಬಲ್ಲದು. ಆದರೆ ಇದು ಪೂರ್ಣ ಯಂತ್ರವಲ್ಲ. ಯೋಜನೆಯಲ್ಲಿದ್ದ ಲೆಕ್ಕದ ಭಾಗದ ಏಳನೆಯ ಒಂದು ಪಾಲು ಮಾತ್ರ. ಉಳಿದದ್ದು ಎಂದೂ ಸಿದ್ಧವಾಗಲಿಲ್ಲ.

ಚಾರ್ಲ್ಸ್ ಬ್ಯಾಬೇಜ್ ಗಣಕ ಯಂತ್ರದ ಪಿತಾಮಹ ಎಂದು ಶಾಲೆಯ ಮಕ್ಕಳೂ ಬಲ್ಲರು. ಅವನ ಯಂತ್ರ ಅರ್ಧಕ್ಕೇ ನಿಂತದ್ದು ಏಕೆ ಎಂದು ಕೇಳಿದರೆ, ಕಾಲಕ್ಕಿಂತ ಮುಂದಿದ್ದ ಮನುಷ್ಯ, ಆ ಕಾಲದ ಕಬ್ಬಿಣ ಹಿತ್ತಾಳೆಗಳಿಗೆ ಅಷ್ಟು ನಿಖರತೆ ಎಲ್ಲಿತ್ತು ಎಂಬ ಉತ್ತರ ಸಾಮಾನ್ಯ. ಆದರೆ ದಾಖಲೆಗಳು ಹೇಳುವ ಕಥೆ ಬೇರೆ. ಯಂತ್ರದ ಕೆಲಸ ನಿಂತದ್ದು 1833ರಲ್ಲಿ. ಅಂದು ನಿಲ್ಲಿಸಿದ್ದು ಲೋಹದ ಕೊರತೆಯಲ್ಲ, ಜ್ಞಾನದ ಕೊರತೆಯೂ ಅಲ್ಲ. ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದ ಕುಶಲಕರ್ಮಿಗೂ ಮಾಡಿಸುತ್ತಿದ್ದವರಿಗೂ ನಡುವೆ ಎದ್ದ ಹಣದ ಜಗಳ.

ತಪ್ಪು ತುಂಬಿದ ಕೋಷ್ಟಕಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಡಗಿನ ನಾವಿಕ, ಖಗೋಳ ವಿಜ್ಞಾನಿ, ವಿಮಾ ಕಂಪೆನಿಯ ಗುಮಾಸ್ತ ಎಲ್ಲರೂ ಅಚ್ಚಾದ ಗಣಿತ ಕೋಷ್ಟಕಗಳನ್ನೇ ನಂಬಿದ್ದರು. ಅವನ್ನು ಮನುಷ್ಯರು ಕುಳಿತು ಲೆಕ್ಕ ಮಾಡುತ್ತಿದ್ದರು, ಮನುಷ್ಯರೇ ಮೊಳೆ ಜೋಡಿಸುತ್ತಿದ್ದರು. ತಪ್ಪುಗಳಿಗೆ ಬರವಿರಲಿಲ್ಲ. 1821ರಲ್ಲಿ ಗೆಳೆಯ ಜಾನ್ ಹರ್ಷೆಲ್ ಜೊತೆ ಇಂಥ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದ ಬ್ಯಾಬೇಜ್, ಈ ಕೆಲಸವನ್ನು ಯಂತ್ರಕ್ಕೇ ವಹಿಸಬಾರದೇಕೆ ಎಂದು ಯೋಚಿಸಿದ.

ಅವನ ಉಪಾಯ ಸರಳ. 1, 4, 9, 16, 25 ಎಂಬ ವರ್ಗಸಂಖ್ಯೆಗಳನ್ನು ನೋಡಿ. ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ 3, 5, 7, 9. ಈ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಹಾಗಾದರೆ 9ಕ್ಕೆ 2 ಕೂಡಿಸಿ 11, ಅದನ್ನು 25ಕ್ಕೆ ಕೂಡಿಸಿದರೆ 36. ಗುಣಾಕಾರದ ಗೊಡವೆಯೇ ಇಲ್ಲದೆ ಮುಂದಿನ ವರ್ಗ ಸಿಕ್ಕಿತು. ಬರೀ ಕೂಡಿಸಬಲ್ಲ ಗಾಲಿಗಳಿದ್ದರೆ ದೊಡ್ಡ ದೊಡ್ಡ ಕೋಷ್ಟಕಗಳನ್ನು ಯಂತ್ರವೇ ಮಾಡೀತು. ಇದಕ್ಕೇ 'ಡಿಫರೆನ್ಸ್ ಎಂಜಿನ್', ಅಂದರೆ ವ್ಯತ್ಯಾಸ ಯಂತ್ರ ಎಂದು ಹೆಸರು.

1822ರಲ್ಲಿ ಬ್ಯಾಬೇಜ್ ಒಂದು ಪುಟ್ಟ ಮಾದರಿ ಮಾಡಿ ತೋರಿಸಿದ. 1823ರಲ್ಲಿ ಬ್ರಿಟಿಷ್ ಸರ್ಕಾರ ಮೊದಲ ಕಂತಾಗಿ 1,500 ಪೌಂಡ್ ಕೊಟ್ಟಿತು. ಆಗ ಹಣಕಾಸು ಸಚಿವನಾಗಿದ್ದ ಫ್ರೆಡರಿಕ್ ರಾಬಿನ್ಸನ್‌ನನ್ನು ಬ್ಯಾಬೇಜ್ ಖುದ್ದಾಗಿ ಕಂಡು ಮಾತಾಡಿದ್ದ. ಎರಡು ಮೂರು ವರ್ಷಗಳಲ್ಲಿ ಕೆಲಸ ಮುಗಿದೀತು ಎಂಬ ಅಂದಾಜಿತ್ತು. ಒಟ್ಟು ಖರ್ಚನ್ನು ಯಾರು ಹೊರಬೇಕು? ಸರ್ಕಾರವೇ ಹೊರುವುದಾಗಿ ಒಪ್ಪಿತೆಂದು ಬ್ಯಾಬೇಜ್ ತಿಳಿದ. ಸರ್ಕಾರ ಹಾಗೆ ತಿಳಿಯಲಿಲ್ಲ. ಆ ಮಾತುಕತೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಮುಂದಿನ ಎಲ್ಲ ರಗಳೆಯ ಬೀಜ ಬಿದ್ದದ್ದು ಇಲ್ಲಿ.

ನೇಕಾರನ ಮಗ

ಯಂತ್ರದ ನಕ್ಷೆ ಬರೆಯುವುದು ಬ್ಯಾಬೇಜ್‌ಗೆ ಗೊತ್ತಿತ್ತು. ಮಾಡುವವರು ಬೇಕಾಗಿದ್ದರು. ಪ್ರಸಿದ್ಧ ಎಂಜಿನಿಯರ್ ಮಾರ್ಕ್ ಬ್ರುನೆಲ್ ಸೂಚಿಸಿದ ಹೆಸರು ಜೋಸೆಫ್ ಕ್ಲೆಮೆಂಟ್. ಉತ್ತರ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ 1779ರಲ್ಲಿ ಹುಟ್ಟಿದ ಕ್ಲೆಮೆಂಟ್, ಕೈಮಗ್ಗದ ನೇಕಾರನ ಮಗ. ಚಿಕ್ಕಂದಿನಲ್ಲಿ ಮನೆಗಳಿಗೆ ಕಲ್ಲುಹಂಚು ಹೊದಿಸುವ ಕೆಲಸ ಮಾಡಿದವನು. ಮುಂದೆ ಲಂಡನ್ನಿಗೆ ಬಂದು ಜೋಸೆಫ್ ಬ್ರಾಮಾ, ಹೆನ್ರಿ ಮಾಡ್ಸ್‌ಲೆಯಂಥ ಮಹಾ ಯಂತ್ರಶಿಲ್ಪಿಗಳ ಕೈಕೆಳಗೆ ದುಡಿದು, 1817ರಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕೆ ಸ್ವಂತ ಕಾರ್ಯಾಗಾರ ತೆರೆದಿದ್ದ. ನಕ್ಷೆ ಬರೆಯುವುದರಲ್ಲೂ ಲೋಹ ಕಡೆಯುವುದರಲ್ಲೂ ಅವನನ್ನು ಮೀರಿಸಿದವರು ಕಡಿಮೆ.

ಪೂರ್ಣ ಯಂತ್ರಕ್ಕೆ ಬೇಕಾಗಿದ್ದದ್ದು ಸುಮಾರು 25,000 ಬಿಡಿಭಾಗಗಳು. ಒಂದೇ ಬಗೆಯ ನೂರಾರು ಗಾಲಿಗಳು ಒಂದನ್ನೊಂದು ಪಡಿಯಚ್ಚಿನಂತೆ ಹೋಲಬೇಕು. ಇಂಥ ಭಾಗಗಳು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅವುಗಳನ್ನು ಕಡೆಯುವ ಯಂತ್ರಗಳೂ ಇರಲಿಲ್ಲ. ಆದ್ದರಿಂದ ಕ್ಲೆಮೆಂಟ್ ಮೊದಲು ಸಲಕರಣೆಗಳನ್ನು ಮಾಡಬೇಕಾಯಿತು, ಆ ಸಲಕರಣೆಗಳಿಂದ ಗಾಲಿಗಳನ್ನು ಮಾಡಬೇಕಾಯಿತು. ಒಂದು ಗಾಲಿಯ ಬೆಲೆಯೆಂದರೆ ಹಿತ್ತಾಳೆಯ ಬೆಲೆ, ಕೂಲಿಯ ಬೆಲೆ ಮಾತ್ರವೇ? ಅದಕ್ಕಾಗಿಯೇ ಹುಟ್ಟಿದ ಸಲಕರಣೆಯ ಬೆಲೆ ಯಾರ ಲೆಕ್ಕಕ್ಕೆ? ಹಿಂದೆ ಯಾರೂ ಮಾಡದ ವಸ್ತುವಿಗೆ ಮಾರುಕಟ್ಟೆ ದರ ಎಂಬುದೇ ಇರುವುದಿಲ್ಲ.

ಹೀಗಾಗಿ ನಿಗದಿತ ಬೆಲೆಯ ಒಪ್ಪಂದ ಆಗಲೇ ಇಲ್ಲ. ಕೆಲಸ ಆದಂತೆ ಕ್ಲೆಮೆಂಟ್ ಬಿಲ್ ಕಳಿಸುವುದು, ಹಣ ಪಡೆಯುವುದು. ಇದರಲ್ಲಿ ಅವನಿಗೆ ಆತುರಪಡುವ ಕಾರಣವಿರಲಿಲ್ಲ. ಬ್ಯಾಬೇಜ್‌ಗೆ ಬಿಲ್ ಸರಿಯೋ ತಪ್ಪೋ ತಿಳಿಯುವ ಉಪಾಯವಿರಲಿಲ್ಲ. ನಕ್ಷೆಯನ್ನು ಪದೇ ಪದೇ ತಿದ್ದುತ್ತಿದ್ದ ಬ್ಯಾಬೇಜ್ ಕೂಡ ಖರ್ಚು ಏರಲು ಕಾರಣನಾಗಿದ್ದ ಎಂಬುದನ್ನು ಮರೆಯುವಂತಿಲ್ಲ.

ಬಿಲ್ ನಡೆದ ದಾರಿ

1829ರ ಹೊತ್ತಿಗೆ ಬಿಲ್ ಬಗ್ಗೆ ಮನಸ್ತಾಪ ಬಹಿರಂಗವಾಗಿತ್ತು. ಪ್ರಧಾನಿ ವೆಲಿಂಗ್ಟನ್ ತಾನೇ ಯಂತ್ರವನ್ನು ನೋಡಿ ಬಂದು ಮತ್ತಷ್ಟು ಹಣ ಮಂಜೂರು ಮಾಡಿಸಿದ. ಯಂತ್ರ ಸರ್ಕಾರದ ಸ್ವತ್ತು ಎಂದು ತೀರ್ಮಾನವಾಯಿತು. ಆ ಬಳಿಕ ಕ್ಲೆಮೆಂಟನ ಬಿಲ್‌ಗಳನ್ನು ಬೇರೆ ಎಂಜಿನಿಯರುಗಳು ಪರಿಶೀಲಿಸಬೇಕು, ಅವು ಖಜಾನೆಗೆ ಹೋಗಬೇಕು, ಖಜಾನೆ ಬ್ಯಾಬೇಜ್‌ಗೆ ಹಣ ಕೊಡಬೇಕು, ಬ್ಯಾಬೇಜ್ ಕ್ಲೆಮೆಂಟ್‌ಗೆ ಮುಟ್ಟಿಸಬೇಕು ಎಂಬ ಏರ್ಪಾಟಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಖಜಾನೆ ನಿಧಾನ ಮಾಡುತ್ತಿತ್ತು. ಕಾರ್ಯಾಗಾರದ ಕೆಲಸಗಾರರಿಗೆ ಕೂಲಿ ನಿಲ್ಲುವಂತಿರಲಿಲ್ಲ. ಆಗೆಲ್ಲ ಬ್ಯಾಬೇಜ್ ತನ್ನ ಕೈಯಿಂದ ಮುಂಗಡ ಕೊಟ್ಟು ಕೆಲಸ ನಡೆಸಿದ.

ಕೊನೆಯ ಏಟು ಬಿದ್ದದ್ದು ಸ್ಥಳಾಂತರದ ವಿಷಯದಲ್ಲಿ. ಕಾರ್ಯಾಗಾರ ಬ್ಯಾಬೇಜ್‌ನ ಮನೆಯಿಂದ ಸುಮಾರು ನಾಲ್ಕು ಮೈಲಿ ದೂರ. ಅಮೂಲ್ಯ ನಕ್ಷೆಗಳೂ ಭಾಗಗಳೂ ಬೆಂಕಿಗೆ ತುತ್ತಾಗಬಾರದೆಂದು ಸರ್ಕಾರ ಬ್ಯಾಬೇಜ್‌ನ ಮನೆಯ ಹತ್ತಿರವೇ ಬೆಂಕಿ ತಗುಲದ ಕಟ್ಟಡವೊಂದನ್ನು ಕಟ್ಟಿಸಿತು. ಕ್ಲೆಮೆಂಟ್ ಅಲ್ಲಿಗೆ ಬರಬೇಕು. ಆದರೆ ಅವನಿಗೆ ಬೇರೆ ಗಿರಾಕಿಗಳೂ ಇದ್ದರು. ಎರಡು ಕಡೆ ಕಾರ್ಯಾಗಾರ ನಡೆಸುವ ನಷ್ಟಕ್ಕೆ ವರ್ಷಕ್ಕಿಷ್ಟೆಂದು ದೊಡ್ಡ ಪರಿಹಾರ ಕೇಳಿದ. ಖಜಾನೆ ಒಪ್ಪಲಿಲ್ಲ. ಇತ್ತ ಬ್ಯಾಬೇಜ್, ಇನ್ನು ಮುಂದೆ ತನ್ನ ಜೇಬಿನಿಂದ ಮುಂಗಡ ಕೊಡುವುದಿಲ್ಲ, ಹಣ ಬೇಕಾದರೆ ಸರ್ಕಾರವನ್ನೇ ಕೇಳಿಕೋ ಎಂದ. 1833ರಲ್ಲಿ ಕ್ಲೆಮೆಂಟ್ ಕೆಲಸ ನಿಲ್ಲಿಸಿ ಯಂತ್ರಕ್ಕಾಗಿ ದುಡಿಯುತ್ತಿದ್ದ ಆಳುಗಳನ್ನು ಬಿಡಿಸಿಬಿಟ್ಟ.

ಆಗ ಎದ್ದಿತು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಸಲಕರಣೆಗಳು ಯಾರವು? ಅವುಗಳನ್ನು ಮಾಡಲು ತಗುಲಿದ ಹಣ ಸರ್ಕಾರದ್ದು. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಕಸುಬಿನ ಕಟ್ಟಳೆಯೊಂದಿತ್ತು. ಗಿರಾಕಿಯೇ ಹಣ ಕೊಟ್ಟಿರಲಿ, ಸಲಕರಣೆ ಅದನ್ನು ಮಾಡಿದ ಕುಶಲಕರ್ಮಿಗೇ ಸೇರಿದ್ದು. ಕ್ಲೆಮೆಂಟ್ ಆ ಕಟ್ಟಳೆಯನ್ನು ಹಿಡಿದು ಕೂತ. ಬಾಕಿ ಚುಕ್ತವಾದ ಮೇಲೆ, 1834ರಲ್ಲಿ, ನಕ್ಷೆಗಳೂ ಸಿದ್ಧವಾಗಿದ್ದ ಭಾಗಗಳೂ ಸರ್ಕಾರದ ವಶಕ್ಕೆ ಬಂದವು. ಸಲಕರಣೆಗಳು ಬರಲಿಲ್ಲ. ಅವಿಲ್ಲದೆ ಮತ್ತೊಬ್ಬ ಯಂತ್ರಶಿಲ್ಪಿಯನ್ನು ಹುಡುಕಿದರೂ ಕೆಲಸವನ್ನು ಮೊದಲಿನಿಂದ ಶುರು ಮಾಡಬೇಕಾಗಿತ್ತು.

ಆ ಹೊತ್ತಿಗೆ ಸುಮಾರು 12,000 ಭಾಗಗಳು ಸಿದ್ಧವಾಗಿದ್ದವು. ಸರ್ಕಾರಕ್ಕೆ ಒಟ್ಟು ತಗುಲಿದ್ದು 17,000 ಪೌಂಡ್‌ಗೂ ಮಿಗಿಲು. ರಾಬರ್ಟ್ ಸ್ಟೀಫನ್‌ಸನ್ನನ ಕಾರ್ಖಾನೆ 1831ರಲ್ಲಿ ಅಮೆರಿಕಕ್ಕೆ ಮಾಡಿಕೊಟ್ಟ 'ಜಾನ್ ಬುಲ್' ಎಂಬ ರೈಲ್ವೆ ಎಂಜಿನ್ನಿನ ಬೆಲೆ 784 ಪೌಂಡ್. ಅಂಥ ಇಪ್ಪತ್ತೊಂದಕ್ಕೂ ಹೆಚ್ಚು ಎಂಜಿನ್ನುಗಳು ಬರುತ್ತಿದ್ದ ಹಣಕ್ಕೆ ಸರ್ಕಾರಕ್ಕೆ ದಕ್ಕಿದ್ದು ಅರ್ಧ ಯಂತ್ರದ ಬಿಡಿಭಾಗಗಳು. 1842ರಲ್ಲಿ ರಾಬರ್ಟ್ ಪೀಲ್‌ನ ಸರ್ಕಾರ ಯೋಜನೆಯನ್ನು ಅಧಿಕೃತವಾಗಿ ಕೈಬಿಟ್ಟಿತು. ಮಾಡಿಟ್ಟ ಭಾಗಗಳಲ್ಲಿ ಹೆಚ್ಚಿನವು ಮುಂದೆ ಗುಜರಿಯಾಗಿ ಕರಗಿಹೋದವು.

ಕ್ಲೆಮೆಂಟ್ ದುರಾಸೆಯವನೇ?

ಬ್ಯಾಬೇಜ್‌ನ ಅಭಿಮಾನಿಗಳು ಎಲ್ಲ ತಪ್ಪನ್ನೂ ಕ್ಲೆಮೆಂಟನ ತಲೆಗೆ ಕಟ್ಟುವುದುಂಟು. ಅವನ ದರ ಹೆಚ್ಚಿತ್ತು ಎಂಬುದರಲ್ಲಿ ಸಂಶಯವಿಲ್ಲ. ಯಂತ್ರಶಿಲ್ಪಿಗಳ ಜೀವನ ಬರೆದ ಸ್ಯಾಮ್ಯುಯೆಲ್ ಸ್ಮೈಲ್ಸ್ 1863ರ ತನ್ನ ಪುಸ್ತಕದಲ್ಲಿ ಇಂಥದೇ ಎರಡು ಪ್ರಸಂಗಗಳನ್ನು ಹೇಳುತ್ತಾನೆ. ಗ್ರೇಟ್ ವೆಸ್ಟರ್ನ್ ರೈಲ್ವೆಗಾಗಿ ಮಾರ್ಕ್ ಬ್ರುನೆಲ್‌ನ ಮಗ ಇಸಂಬಾರ್ಡ್ ಬ್ರುನೆಲ್, ಕ್ಲೆಮೆಂಟನಿಂದ ಉಗಿ ಸಿಳ್ಳೆಗಳನ್ನು ಮಾಡಿಸಿಕೊಂಡ. ಬಿಲ್ ಬಂದಾಗ ಹಿಂದಿನ ದರದ ಆರು ಪಟ್ಟು ಆಯಿತೆಂದು ಬ್ರುನೆಲ್ ಗೊಣಗಿದ. ಸಿಳ್ಳೆ ಆರು ಪಟ್ಟಿಗೂ ಹೆಚ್ಚು ಚೆನ್ನಾಗಿದೆ ಎಂಬುದು ಕ್ಲೆಮೆಂಟನ ವಾದ. ಇನ್ನೊಮ್ಮೆ ಅಮೆರಿಕದ ಗಿರಾಕಿಯೊಬ್ಬ, ಎಷ್ಟು ಚೆನ್ನಾಗಿ ಮಾಡಲು ಸಾಧ್ಯವೋ ಅಷ್ಟು ಚೆನ್ನಾಗಿ ಒಂದು ದೊಡ್ಡ ತಿರುಪು ಮಾಡಿಕೊಡೆಂದು ಕೇಳಿದ. ಇಪ್ಪತ್ತು ಪೌಂಡ್ ಆದೀತೆಂದು ಅವನ ಎಣಿಕೆ. ಬಿಲ್ ಬಂದದ್ದು ನೂರಾರು ಪೌಂಡಿಗೆ. ಎರಡೂ ವ್ಯಾಜ್ಯಗಳು ಮಧ್ಯಸ್ಥಿಕೆಗೆ ಹೋದವು. ಎರಡರಲ್ಲೂ ತೀರ್ಪು ಕ್ಲೆಮೆಂಟನ ಪರ.

ಅಂದರೆ ಹೇಳಿದ ಕೆಲಸವನ್ನು ಅವನು ಹೇಳಿದಂತೆಯೇ ಮಾಡುತ್ತಿದ್ದ. ಎಷ್ಟಾದೀತು ಎಂದು ಗಿರಾಕಿ ಮೊದಲೇ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಹಾಗಾದರೆ ಬೆಲೆ ಮೊದಲೇ ಗೊತ್ತು ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಅದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಬ್ಯಾಬೇಜ್‌ನ ಉಪಾಯವನ್ನು ಪತ್ರಿಕೆಯಲ್ಲಿ ಓದಿದ ಸ್ವೀಡನ್ನಿನ ಜಾರ್ಜ್ ಶಾಯ್ಟ್ಸ್ ಮತ್ತು ಅವನ ಮಗ ಎಡ್ವರ್ಡ್ 1853ರಲ್ಲಿ ತಮ್ಮದೇ ವ್ಯತ್ಯಾಸ ಯಂತ್ರವೊಂದನ್ನು ಪೂರ್ಣಗೊಳಿಸಿದರು. ಅದೇ ಬಗೆಯ ಯಂತ್ರವನ್ನು ಬ್ರಿಟಿಷ್ ಸರ್ಕಾರ ಜನನ ಮರಣ ಲೆಕ್ಕದ ಕಚೇರಿಗಾಗಿ ಲಂಡನ್ನಿನ ಡಾಂಕಿನ್ ಕಂಪೆನಿಯಿಂದ ಮಾಡಿಸಿತು. ಈ ಸಲ ಬೆಲೆ ನಿಗದಿಯಾಗಿತ್ತು, 1,200 ಪೌಂಡ್. 1859ರಲ್ಲಿ ಯಂತ್ರ ಸಿದ್ಧವಾಗಿ ಬಂತು, ಕೆಲಸವನ್ನೂ ಮಾಡಿತು. ಆದರೆ ಮಾಡಿಕೊಟ್ಟ ಕಂಪೆನಿಗೆ ಆರು ನೂರು ಪೌಂಡಿಗೂ ಹೆಚ್ಚು ನಷ್ಟವಾಯಿತು. ಮೊದಲ ಸಲ ಗೊತ್ತಿಲ್ಲದ ಖರ್ಚಿನ ಹೊರೆ ಮಾಡಿಸಿದವನ ಮೇಲೆ ಬಿದ್ದಿತ್ತು, ಎರಡನೆಯ ಸಲ ಮಾಡಿದವನ ಮೇಲೆ. ಹೊರೆ ಮಾತ್ರ ಎರಡು ಸಲವೂ ಇತ್ತು.

ತಿರುಪಿನ ಉಡುಗೊರೆ

ವ್ಯತ್ಯಾಸ ಯಂತ್ರದ ಹಣ ಪೂರ್ತಿ ಪೋಲಾಯಿತೆಂದು ಹೇಳಲಾಗದು. ಕ್ಲೆಮೆಂಟನ ಕಾರ್ಯಾಗಾರ ನಿಖರ ಕೆಲಸದ ಪಾಠಶಾಲೆಯಾಗಿತ್ತು. ಪ್ರತಿ ಗಾತ್ರದ ತಿರುಪಿಗೂ ಇಂತಿಷ್ಟೇ ಸುತ್ತು ಇರಬೇಕೆಂದು ಅವನು ತನ್ನಲ್ಲಿ ನಿಯಮ ಮಾಡಿಕೊಂಡಿದ್ದ. ಅಲ್ಲಿ ದುಡಿದ ಜೋಸೆಫ್ ವಿಟ್‌ವರ್ತ್ ಎಂಬ ಯುವಕ 1833ರಲ್ಲಿ ಮ್ಯಾಂಚೆಸ್ಟರಿಗೆ ಹೋಗಿ ಸ್ವಂತ ಕಾರ್ಖಾನೆ ತೆರೆದ. 1841ರಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ತಿರುಪಿನ ಅಳತೆ ಇರಲೆಂದು ಸೂಚಿಸಿದ. ಅದೇ ವಿಟ್‌ವರ್ತ್ ಅಳತೆ. ಬ್ರಿಟಿಷರ ರೈಲು ಮತ್ತು ಯಂತ್ರಗಳೊಡನೆ ಅದು ಭಾರತದ ಕಾರ್ಯಾಗಾರಗಳಿಗೂ ಬಂತು. ಅಳತೆ ಒಂದಾದ ಮೇಲೆ ತಿರುಪನ್ನು ಹೇಳಿ ಮಾಡಿಸುವ ಅಗತ್ಯವಿಲ್ಲ, ಅಂಗಡಿಯಲ್ಲಿ ಕೊಳ್ಳಬಹುದು. ದರವೂ ಗೊತ್ತು, ಜಗಳವೂ ಇಲ್ಲ.

ಹೇಳಿ ಮಾಡಿಸುವ ಭಾಗಗಳ ಕಷ್ಟ ಮಾತ್ರ ಉಳಿದುಕೊಂಡಿತು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಂಪೆನಿಯ ನಕ್ಷೆಯಂತೆ ಭಾಗ ಕಡೆದುಕೊಡುವ ಸಣ್ಣ ಉದ್ದಿಮೆದಾರನಿಗೆ ಅದು ಬೇರೆ ಯಾರಿಗೂ ಮಾರಲಾಗದ ಸರಕು. ಗಿರಾಕಿ ಕೈಕೊಟ್ಟರೆ ಅದು ಬರೀ ಲೋಹ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹಣ ಪಾವತಿಸಲು 45 ದಿನಗಳಿಗಿಂತ ಹೆಚ್ಚು ಗಡುವು ಇಟ್ಟುಕೊಳ್ಳುವಂತಿಲ್ಲ ಎಂದು 2006ರ ಕೇಂದ್ರ ಕಾಯ್ದೆ ಹೇಳಿತು. ತಕರಾರು ಕೇಳಲು ರಾಜ್ಯಗಳಲ್ಲಿ ಮಂಡಳಿಗಳಾದವು. ಇಂಥದೊಂದು ಕಾಯ್ದೆ ಬೇಕಾಯಿತೆಂಬುದೇ ಕ್ಲೆಮೆಂಟ್ ಕಾಲದ ವ್ಯಾಜ್ಯ ಹಳತಾಗಿಲ್ಲ ಎಂಬುದಕ್ಕೆ ಸಾಕ್ಷಿ.

ಬ್ಯಾಬೇಜ್ 1871ರಲ್ಲಿ ತೀರಿಕೊಂಡ. ಅವನು 1840ರ ದಶಕದ ಕೊನೆಯಲ್ಲಿ ರಚಿಸಿದ್ದ ಇನ್ನೊಂದು, ಹೆಚ್ಚು ಸರಳವಾದ ವ್ಯತ್ಯಾಸ ಯಂತ್ರದ ನಕ್ಷೆ ಹಾಗೇ ಉಳಿದಿತ್ತು. ಅವನ ಇನ್ನೂರನೆಯ ಹುಟ್ಟುಹಬ್ಬದ ವರ್ಷವಾದ 1991ಕ್ಕೆ ಅದನ್ನು ಮಾಡಿಯೇ ತೋರಿಸಲು ಲಂಡನ್ನಿನ ವಸ್ತುಸಂಗ್ರಹಾಲಯ ಹೊರಟಿತು. ಬ್ಯಾಬೇಜ್‌ನ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಯಲ್ಲಿ ಭಾಗಗಳನ್ನು ಮಾಡಿಸಲಾಯಿತು. ಲೆಕ್ಕದ ಭಾಗಕ್ಕೇ ಸುಮಾರು 4,000 ಬಿಡಿಭಾಗಗಳು. ಕೆಲಸ ನಡೆದಿರುವಾಗಲೇ, 1990ರಲ್ಲಿ, ಗುತ್ತಿಗೆ ಹಿಡಿದಿದ್ದ ಕಂಪೆನಿ ದಿವಾಳಿಯಾಯಿತು. ಇತಿಹಾಸ ಮರುಕಳಿಸುವ ಎಲ್ಲ ಲಕ್ಷಣಗಳೂ ಇದ್ದವು. ಆದರೆ ಈ ಸಲ ವಸ್ತುಸಂಗ್ರಹಾಲಯ ತಡ ಮಾಡಲಿಲ್ಲ. ಆ ಕಂಪೆನಿಯಲ್ಲಿ ಯಂತ್ರದ ಕೆಲಸ ನೋಡುತ್ತಿದ್ದ ಇಬ್ಬರು ಎಂಜಿನಿಯರುಗಳನ್ನು ತನ್ನದೇ ನೌಕರಿಗೆ ತೆಗೆದುಕೊಂಡಿತು.

1991ರ ಕೊನೆಯಲ್ಲಿ, ಹುಟ್ಟುಹಬ್ಬಕ್ಕೆ ಮುಂಚೆಯೇ, ಯಂತ್ರ 31 ಅಂಕಿಗಳವರೆಗೆ ತಪ್ಪಿಲ್ಲದೆ ಲೆಕ್ಕ ಮಾಡಿತು. ಬ್ಯಾಬೇಜ್‌ನ ಗಣಿತ ಸರಿಯಾಗಿತ್ತು. ಅವನ ಕಾಲದ ಕೈಗಳಿಗೆ ಅದನ್ನು ಮಾಡುವ ಶಕ್ತಿಯೂ ಇತ್ತು. ಕೊರತೆಯಿದ್ದದ್ದು ಯಾರ ಖರ್ಚು ಎಷ್ಟು, ಯಾವ ಸಲಕರಣೆ ಯಾರದು ಎಂದು ಕೆಲಸ ಶುರುವಾಗುವ ಮುಂಚೆ ಬರೆದಿಡಬೇಕಾಗಿದ್ದ ಒಂದು ಹಾಳೆ ಕಾಗದದ್ದು.