ಪ್ಯಾರಿಸ್‌ನಿಂದ ಗೇಟ್‌ವೇ ಆಫ್ ಇಂಡಿಯಾವರೆಗೆ: ಡಿಯೋರ್ ಬೆಳೆದು ಬಂದ ಹಾದಿ ಇದು

ಐಷಾರಾಮಿ ಫ್ಯಾಷನ್ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಡಿಯೋರ್ ಕೂಡ ಒಂದು. ಜವಳಿ ಉದ್ಯಮಿ ಮಾರ್ಸೆಲ್ ಬುಸಾಕ್ ಅವರ ಬಂಡವಾಳದ ನೆರವಿನಿಂದ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ 1946ರಲ್ಲಿ ಪ್ಯಾರಿಸ್‌ನಲ್ಲಿ ಈ ಸಂಸ್ಥೆ ಆರಂಭಿಸಿದರು.

1947ರ ಫೆಬ್ರವರಿ 12ರಂದು ಮೊದಲ ಪ್ರದರ್ಶನ ನಡೆಯಿತು. ಯುದ್ಧಕಾಲದ ಬಟ್ಟೆ ಪಡಿತರಕ್ಕೆ ಒಗ್ಗಿಹೋಗಿದ್ದ ಯುರೋಪಿಗೆ, ಬಿಗಿ ಸೊಂಟ ಮತ್ತು ಅಗಲ ಲಂಗದ 'ನ್ಯೂ ಲುಕ್' ಬೆರಗು ಹುಟ್ಟಿಸಿತು. ಇಷ್ಟೊಂದು ಬಟ್ಟೆ ಪೋಲು ಎಂಬ ಟೀಕೆಯೂ ಕೇಳಿಬಂತು.

1957ರಲ್ಲಿ ಡಿಯೋರ್ ನಿಧನರಾದಾಗ 21 ವರ್ಷದ ಈವ್ ಸೇಂಟ್ ಲಾರೆಂಟ್ ವಿನ್ಯಾಸದ ಹೊಣೆ ಹೊತ್ತರು. 1984ರಲ್ಲಿ ಸಂಸ್ಥೆ ಬರ್ನಾರ್ಡ್ ಅರ್ನಾಲ್ಟ್ ಕೈಸೇರಿತು. 2016ರಲ್ಲಿ ಮರಿಯಾ ಗ್ರಾಜಿಯಾ ಚಿಯುರಿ ಮಹಿಳಾ ಉಡುಪು ವಿಭಾಗದ ಮೊದಲ ಮಹಿಳಾ ಮುಖ್ಯಸ್ಥೆಯಾದರು.

ಮುಂಬೈ ನಂಟು ಏನು?

2023ರ ಮಾರ್ಚ್ 30ರಂದು ಗೇಟ್‌ವೇ ಆಫ್ ಇಂಡಿಯಾ ಎದುರು ಡಿಯೋರ್ ಪ್ರದರ್ಶನ ನಡೆಯಿತು. ವೇದಿಕೆಯ ಬೃಹತ್ ಕಸೂತಿ ತೋರಣ ಸಿದ್ಧಪಡಿಸಿದ್ದು ಮುಂಬೈನ ಚಾಣಕ್ಯ ಸ್ಕೂಲ್ ಆಫ್ ಕ್ರಾಫ್ಟ್. ಬಹುತೇಕ ಪುರುಷರದ್ದೇ ಆಗಿದ್ದ ಕಸೂತಿ ವೃತ್ತಿಯಲ್ಲಿ ಮಹಿಳೆಯರಿಗೆ ಈ ಶಾಲೆ ತರಬೇತಿ ನೀಡುತ್ತಿದೆ. ವಿದೇಶಿ ಬ್ರ್ಯಾಂಡ್‌ಗಳಿಗಾಗಿ ಭಾರತದ ಕುಶಲಕರ್ಮಿಗಳು ದಶಕಗಳಿಂದ ದುಡಿಯುತ್ತಿದ್ದರೂ ಅವರ ಹೆಸರು ಹೊರಬರುವುದು ಅಪರೂಪ. ಅಂದು ಮಾತ್ರ ಅವರ ಕೆಲಸವೇ ಮುಂಬಾಗಿಲಲ್ಲಿತ್ತು.