ಕಾಲು ಕಸಿದ ಕಾಳು

ತೊಗರಿಬೇಳೆಯಲ್ಲಿ ಕೇಸರಿಬೇಳೆ ಬೆರೆಸಿದ್ದಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ಸುದ್ದಿ ಬಂದ ನಾಲ್ಕು ದಿನ ಬೇಳೆಯನ್ನು ಮೊರದಲ್ಲಿ ಹರಡಿ ನೋಡುವವರಿದ್ದಾರೆ. ಬೆಣೆಯಂತೆ ಒಂದು ಬದಿ ಓರೆಯಾದ ಬೇಳೆ ಕಣ್ಣಿಗೆ ಬಿದ್ದರೆ ಅಂಗಡಿಯವನ ಜೊತೆ ಜಗಳವೂ ಆಗುತ್ತದೆ. ಕನ್ನಡ ನಾಡಿಗೆ ಈ ಬೇಳೆಯ ಪರಿಚಯ ಬಹುಮಟ್ಟಿಗೆ ಇಷ್ಟೇ, ಕಲಬೆರಕೆಯ ಪದಾರ್ಥವಾಗಿ. ಮಧ್ಯಪ್ರದೇಶ, ಛತ್ತೀಸಗಢ, ಬಿಹಾರ, ಬಂಗಾಳಗಳ ಬಡವರಿಗೆ ಮಾತ್ರ ಅದು ಊಟದ ಕಾಳು. ಖೇಸಾರಿ, ತಿವಡಾ, ಲಾಖ್ ಎಂದು ಅಲ್ಲಿ ಅದಕ್ಕೆ ಹಲವು ಹೆಸರು. ಖೇಸಾರಿಯೇ ನಮ್ಮಲ್ಲಿ ಕೇಸರಿಯಾಗಿದೆ. ಹಾಲಿಗೆ ಹಾಕುವ ಕೇಸರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಈ ಕಾಳಿನೊಳಗಿನ ವಿಷವನ್ನು ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ ಎಂಬ ಸಂಗತಿ ಇಲ್ಲಿಯವರಿಗೇ ಅಷ್ಟಾಗಿ ತಿಳಿದಿಲ್ಲ.

ಈ ಕಾಳನ್ನು ತಿಂದವರು ಕುಂಟರಾಗುತ್ತಾರೆ ಎಂಬ ತಿಳಿವಳಿಕೆಯೇನೋ ಬಹಳ ಹಳೆಯದು. ಒಂದೇ ಸಮನೆ ಬಟಾಣಿ ಜಾತಿಯ ಕಾಳು ತಿಂದವರ ಕಾಲು ಸೋತದ್ದನ್ನು ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನ ಗ್ರಂಥಗಳು ಹೇಳುತ್ತವೆ. 16ನೇ ಶತಮಾನದಲ್ಲಿ ಭಾವಮಿಶ್ರ ಬರೆದ 'ಭಾವಪ್ರಕಾಶ'ದಲ್ಲಿ ತ್ರಿಪುಟವೆಂಬ ಕಾಳು ಮನುಷ್ಯನನ್ನು ಕುಂಟನನ್ನಾಗಿಸುತ್ತದೆ ಎಂಬ ಮಾತಿದೆ. ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ 1671ರಷ್ಟು ಹಿಂದೆಯೇ ಇದರ ಹಿಟ್ಟಿನಿಂದ ರೊಟ್ಟಿ ಮಾಡಬಾರದೆಂದು ಆಜ್ಞೆ ಹೊರಟಿತ್ತು.

ನಮ್ಮ ದೇಶದ ಮಟ್ಟಿಗೆ ಮನ ಕಲಕುವ ವರದಿಯೊಂದನ್ನು ಕೊಟ್ಟವನು ಥಗ್ಗರನ್ನು ಅಡಗಿಸಿದ ಅಧಿಕಾರಿಯೆಂದು ಹೆಸರಾದ ಸ್ಲೀಮನ್. ಮಧ್ಯಪ್ರದೇಶದ ಸಾಗರ್ ಸೀಮೆಯಲ್ಲಿ 1829ರಲ್ಲಿ ಆಲಿಕಲ್ಲು ಮಳೆ ಪೈರನ್ನು ಹಾಳುಮಾಡಿತು. ಮರುವರ್ಷ ಮಳೆಯೇ ಇಲ್ಲ. ಅದರ ಮರುವರ್ಷ ಗೋಧಿಗೆ ರೋಗ. ಮೂರು ವರ್ಷವೂ ಹೊಲದಲ್ಲಿ ಹಸಿರಾಗಿ ನಿಂತದ್ದು ಗೋಧಿಯ ನಡುವೆ ತಾನಾಗಿ ಬೆಳೆಯುವ, ದನಕ್ಕೆ ಹಾಕುವ ಕೇಸರಿ ಒಂದೇ. ಜನ ಅದನ್ನೇ ಕೊಯ್ದು ಉಂಡು ಜೀವ ಉಳಿಸಿಕೊಂಡರು. 1833ರ ಹೊತ್ತಿಗೆ ಮೂವತ್ತರ ಒಳಗಿನ ಹುಡುಗರು, ಹೆಂಗಸರು, ಗಂಡಸರು ಇದ್ದಕ್ಕಿದ್ದಂತೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪತೊಡಗಿದರು. ಒಂದು ಹಳ್ಳಿಯಲ್ಲಂತೂ ಯುವಕ ಯುವತಿಯರಲ್ಲಿ ಅರ್ಧದಷ್ಟು ಮಂದಿ ಹೀಗಾದರೆಂದು ಸ್ಲೀಮನ್ 1844ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ.

ಈ ರೋಗ ಕೊಲ್ಲುವುದಿಲ್ಲ. ಬುದ್ಧಿ, ಕಣ್ಣು, ಮಾತು ಎಲ್ಲ ಸರಿಯಾಗಿಯೇ ಇರುತ್ತವೆ. ಕಾಲಿನ ಸ್ನಾಯುಗಳು ಮಾತ್ರ ಸೆಟೆದು, ಮಂಡಿ ಬಾಗಿ, ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ. ಮೊದಲು ಒಂದು ಕೋಲು, ಆಮೇಲೆ ಎರಡು, ಹೆಚ್ಚಾದರೆ ಕೈಯೂರಿ ತೆವಳುವುದು. ಒಮ್ಮೆ ಬಂದದ್ದು ಹೋಗುವುದಿಲ್ಲ. ವಾಸಿಮಾಡುವ ಔಷಧಿ ಇಂದಿಗೂ ಇಲ್ಲ. ದುಡಿಯುವ ವಯಸ್ಸಿನವರನ್ನೇ, ಅದರಲ್ಲೂ ಗಂಡಸರನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ. 1873ರಲ್ಲಿ ಇಟಲಿಯ ವೈದ್ಯ ಕಂತಾನಿ ಇದಕ್ಕೆ 'ಲ್ಯಾಥಿರಿಸಂ' ಎಂಬ ಹೆಸರಿಟ್ಟ. ಗಿಡದ ಶಾಸ್ತ್ರೀಯ ಹೆಸರು ಲ್ಯಾಥಿರಸ್ ಸಟೈವಸ್.

ಹೆಸರಿಟ್ಟ ಮೇಲೂ ವಿಷ ಕೈಗೆ ಸಿಗಲು ತೊಂಬತ್ತು ವರ್ಷ ಹಿಡಿಯಿತು. ಕಾರಣ ಸ್ವಾರಸ್ಯಕರವಾದದ್ದು. ವಿಷವನ್ನು ಹುಡುಕುವವರು ಅದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಬೇಕು. ಆದರೆ ಪ್ರಯೋಗಶಾಲೆಯ ಇಲಿ ಕೇಸರಿ ತಿಂದು ಆರಾಮವಾಗಿ ಓಡಾಡುತ್ತಿತ್ತು! 1925ರಲ್ಲಿ ಆಂಡರ್ಸನ್, ಹೊವಾರ್ಡ್ ಮತ್ತು ಸೈಮನ್ಸನ್ ಎಂಬ ಮೂವರು ಬಾತುಕೋಳಿಗಳ ಮೇಲೆ ಪ್ರಯೋಗ ನಡೆಸಿ, ಕೇಸರಿ ನಿರಪರಾಧಿ, ಅದರೊಳಗೆ ಬೆರೆತಿರುವ 'ಅಕ್ಟಾ' ಎಂಬ ಕಳೆಯ ಕಾಳೇ ತಪ್ಪಿತಸ್ಥ ಎಂದು ತೀರ್ಪು ಕೊಟ್ಟರು. ಸಾವಯವ ಕೃಷಿಯ ಪ್ರವರ್ತಕನೆಂದು ಇಂದು ಹೆಸರಾದ ಆಲ್ಬರ್ಟ್ ಹೊವಾರ್ಡನೇ ಆ ಹೊವಾರ್ಡ್. ಮುಂದೆ 1950ರ ದಶಕದಲ್ಲಿ ಅಮೆರಿಕದವರು ತೋಟದ ಹೂಗಿಡವಾದ ಸ್ವೀಟ್ ಪೀಯಿಂದ ಒಂದು ವಿಷವನ್ನು ತೆಗೆದರು. ಅದು ಇಲಿಗಳ ಮೂಳೆಯನ್ನು ಡೊಂಕಾಗಿಸಿತೇ ಹೊರತು ನರಗಳನ್ನು ಮುಟ್ಟಲಿಲ್ಲ. ಜಾತಿ ಒಂದೇ ಆದರೂ ಗಿಡ ಬೇರೆ, ವಿಷ ಬೇರೆ, ರೋಗವೂ ಬೇರೆ.

ದಾರಿ ತೆರೆದದ್ದು ಕೋಳಿಮರಿ. ಕೇಸರಿಯಿಂದ ತೆಗೆದ ಸಾರವನ್ನು ಎಳೆಯ ಕೋಳಿಮರಿಗಳಿಗೆ ಚುಚ್ಚಿದರೆ ಅವುಗಳ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಬೀಳುತ್ತದೆ ಎಂದು ಹೈದರಾಬಾದಿನ ಸಂಶೋಧಕರು 1963ರಲ್ಲಿ ತೋರಿಸಿದರು. ಬೆಳೆದ ಪ್ರಾಣಿಯಲ್ಲಿ ರಕ್ತದಿಂದ ಮಿದುಳಿಗೆ ಕಂಡದ್ದೆಲ್ಲ ನುಗ್ಗದಂತೆ ತಡೆಯುವ ಏರ್ಪಾಟು ಇರುತ್ತದೆ. ಎಳೆಯ ಮರಿಯಲ್ಲಿ ಅದಿನ್ನೂ ಬಲಿತಿರುವುದಿಲ್ಲ. ಇದನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಅವರು ಕಾಳಿನ ಸಾರವನ್ನು ಸೋಸಿ, ಬೇರ್ಪಡಿಸಿ, ಒಂದು ಅಮೈನೋ ಆಮ್ಲವನ್ನು ಹಿಡಿದರು. 1964ರಲ್ಲಿ ಅವರ ಪ್ರಬಂಧ ಹೊರಬಂತು. ಅದೇ ವರ್ಷ ದೆಹಲಿಯಲ್ಲಿ ಟಿ.ಆರ್. ಶೇಷಾದ್ರಿ ಮತ್ತು ಸಂಗಡಿಗರೂ ಅದೇ ವಸ್ತುವನ್ನು ಪಡೆದಿದ್ದರು. ಅದರ ಉದ್ದನೆಯ ರಾಸಾಯನಿಕ ಹೆಸರನ್ನು ಬಿಟ್ಟು 'ಓಡ್ಯಾಪ್' ಎಂದು ಕರೆಯುವುದು ರೂಢಿ.

ಓಡ್ಯಾಪ್ ಮಾಡುವುದು ವೇಷಧಾರಿಯ ಕೆಲಸ. ಒಂದು ನರಕೋಶ ಇನ್ನೊಂದನ್ನು ಎಚ್ಚರಿಸಲು ಗ್ಲುಟಮೇಟ್ ಎಂಬ ವಸ್ತುವನ್ನು ಬಳಸುತ್ತದೆ. ಓಡ್ಯಾಪ್ ಅದನ್ನೇ ಹೋಲುವುದರಿಂದ ಅದರ ಜಾಗದಲ್ಲಿ ಹೋಗಿ ಕೂತು ನರಕೋಶವನ್ನು ಬಿಡದೆ ಕೆರಳಿಸುತ್ತದೆ. ದಣಿದ ಕೋಶ ಕೊನೆಗೆ ಸಾಯುತ್ತದೆ. ಇದೇ ವಸ್ತು ಚೀನೀ ವೈದ್ಯದ ಜಿನ್ಸೆಂಗ್ ಜಾತಿಯ ಬೇರಿನಲ್ಲೂ ಇದ್ದು, ಅಲ್ಲಿ ಅದಕ್ಕೆ ರಕ್ತಸ್ರಾವ ನಿಲ್ಲಿಸುವ ಗುಣವಿದೆಯೆಂಬ ಮನ್ನಣೆ ಎನ್ನುವುದು ಬೇರೆ ಮಾತು.

ಹಾಗಾದರೆ ಕೇಸರಿ ತಿಂದವರೆಲ್ಲ ಏಕೆ ಕುಂಟರಾಗಲಿಲ್ಲ? ಅನ್ನ ರೊಟ್ಟಿಗಳ ಜೊತೆಗೆ ಒಂದಿಷ್ಟು ಬೇಳೆಯಾಗಿ ತಿಂದವರಿಗೆ ಏನೂ ಆಗುವುದಿಲ್ಲ. ಊಟದ ಮೂರರಲ್ಲೊಂದು ಭಾಗವೋ ಅದಕ್ಕೂ ಮಿಗಿಲೋ ಅದೇ ಆಗಿ, ತಿಂಗಳುಗಟ್ಟಲೆ ಹಾಗೆಯೇ ನಡೆದರೆ ಅಪಾಯ. ಹಾಗೆ ತಿನ್ನುವವರು ಯಾರು? ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯನ್ನು ಕೇಸರಿಯ ರೂಪದಲ್ಲೇ ಅಳೆದು ಕೊಡುತ್ತಿದ್ದರು. ಅಗ್ಗದ ಕಾಳು, ಒಡೆಯನಿಗೆ ಲಾಭ. ಬೇರೇನನ್ನೂ ಕೊಳ್ಳಲಾಗದ ಆಳಿಗೆ ಅದೇ ಬೆಳಗಿನ ರೊಟ್ಟಿ, ಅದೇ ರಾತ್ರಿಯ ರೊಟ್ಟಿ. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂದದ್ದನ್ನು ಈ ರೋಗದ ಚರಿತ್ರೆಯಲ್ಲೂ ಒಂದು ಘಟ್ಟವೆಂದು ಎಣಿಸುವುದು ನ್ಯಾಯ.

ಇನ್ನೂ ಕ್ರೂರವಾದ ಉದಾಹರಣೆ ಎರಡನೆಯ ಮಹಾಯುದ್ಧದ್ದು. ಇಂದು ಉಕ್ರೇನಿನಲ್ಲಿರುವ ವಾಪ್ನಿಯಾರ್ಕಾ ಎಂಬಲ್ಲಿ ರುಮೇನಿಯದ ಆಡಳಿತ ಯಹೂದಿ ಬಂದಿಗಳನ್ನು ಕೂಡಿಹಾಕಿ, 1942ರಲ್ಲಿ ದಿನಕ್ಕೆ ತಲಾ 400 ಗ್ರಾಂ ಕೇಸರಿಕಾಳನ್ನು ಬೇಯಿಸಿ ಹಾಕುತ್ತಿತ್ತು. ಕೆಲವೇ ತಿಂಗಳಲ್ಲಿ ನೂರಾರು ಮಂದಿಯ ಕಾಲು ಹೋಯಿತು. ಕಾರಣವನ್ನು ಗುರುತಿಸಿದವನು ಬಂದಿಗಳಲ್ಲೇ ಒಬ್ಬನಾಗಿದ್ದ ವೈದ್ಯ ಆರ್ಥರ್ ಕೆಸ್ಲರ್. ಆತ ಮುಂದೆ ಇಸ್ರೇಲಿಗೆ ಹೋಗಿ, ಬದುಕುಳಿದವರ ಆರೈಕೆಯನ್ನು ದಶಕಗಳ ಕಾಲ ಮಾಡಿದ.

ಭಾರತ ಸರ್ಕಾರ 1961ರಲ್ಲಿ ಕೇಸರಿಯ ಮಾರಾಟವನ್ನು ನಿಷೇಧಿಸುವ ನಿಯಮ ತಂದಿತು, ಬೆಳೆಯುವುದನ್ನು ನಿಷೇಧಿಸಲಿಲ್ಲ. ಮಾರಬಾರದು, ಬೆಳೆಯಬಹುದು ಎಂಬ ಈ ವಿಚಿತ್ರ ವ್ಯವಸ್ಥೆಯಲ್ಲಿ ಬೆಳೆದದ್ದು ಎಲ್ಲಿಗಾದರೂ ಹೋಗಲೇಬೇಕಷ್ಟೆ. ಅದು ತೊಗರಿಬೇಳೆ, ಕಡಲೆಹಿಟ್ಟುಗಳ ಮೂಟೆ ಸೇರಿತು. ರೈತನನ್ನು ದೂರುವಂತೆಯೂ ಇಲ್ಲ. ಭತ್ತ ಕೊಯ್ಲಿಗೆ ಬರುವ ಮೊದಲೇ ಗದ್ದೆಯ ತೇವದಲ್ಲಿ ಬೀಜ ಎರಚಿದರೆ ಸಾಕು, ಉಳುಮೆ, ಗೊಬ್ಬರ, ನೀರು ಯಾವುದನ್ನೂ ಕೇಳದೆ ಬರುವ ಬೆಳೆ ಇದು. ಕಾಳಿನ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಪ್ರೋಟೀನ್.

ವಿಷ ನೀರಿನಲ್ಲಿ ಕರಗುತ್ತದೆ. ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಹೆಚ್ಚಿನ ಪಾಲು ಹೋಗುತ್ತದೆ ಎಂಬುದನ್ನೂ ವಿಜ್ಞಾನಿಗಳು ಕಂಡುಕೊಂಡರು. ಬರಗಾಲದಲ್ಲಿ ನೀರನ್ನೂ ಸೌದೆಯನ್ನೂ ಚೆಲ್ಲಾಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಇಥಿಯೋಪಿಯದಲ್ಲಿ 1990ರ ದಶಕದಲ್ಲೂ ಬರದ ಬೆನ್ನಿಗೆ ಈ ರೋಗ ಎದ್ದಿತು.

ತಳಿಯನ್ನೇ ಬದಲಿಸುವ ಹಾದಿಯನ್ನೂ ಹಿಡಿದದ್ದಾಗಿದೆ. 'ಪೂಸಾ-24' ಆ ಹಾದಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಆಮೇಲೆ ಬಂದ 'ರತನ್', 'ಪ್ರತೀಕ್', 'ಮಹಾತಿವಡಾ' ತಳಿಗಳಲ್ಲಿ ಓಡ್ಯಾಪ್ ಪ್ರಮಾಣ ಶೇಕಡಾ 0.1ಕ್ಕಿಂತ ಕಡಿಮೆ. ಇವುಗಳ ಬಲದ ಮೇಲೆಯೇ 2016ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿ ನಿಷೇಧ ತೆಗೆಯಬಹುದೆಂದು ಹೇಳಿದಾಗ ದೇಶದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ವಿರೋಧಿಸಿದವರ ಆತಂಕ ಆಧಾರವಿಲ್ಲದ್ದೇನಲ್ಲ. ಗಿಡ ಒಣಭೂಮಿಯಲ್ಲಿ ಬಾಯಾರಿದಾಗ ಕಾಳಿನ ವಿಷ ಏರುತ್ತದೆ. ಪಕ್ಕದ ಹೊಲದಲ್ಲಿ ಹಳೆಯ ತಳಿ ಇದ್ದರೆ ಜೇನುಹುಳು ಅಲ್ಲಿಯ ಪರಾಗವನ್ನು ಇಲ್ಲಿಗೆ ತರುತ್ತದೆ. ಮನೆಯ ಬೀಜವನ್ನೇ ವರ್ಷ ವರ್ಷ ಬಿತ್ತುವ ರೈತನ ಹೊಲದಲ್ಲಿ ಹೊಸ ತಳಿಯ ಹೆಸರು ಉಳಿದು ಗುಣ ಬದಲಾಗಬಹುದು. ಹೊಲಕ್ಕೆ ಹೋದ ಬೀಜ ಯಾವುದು, ಮಂಡಿಗೆ ಬಂದ ಕಾಳು ಯಾವುದು ಎಂದು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ, ಪ್ರಯೋಗಶಾಲೆಯಲ್ಲೇ ಅಳೆಯಬೇಕು.