ಆಂಗ್ಲರ ಅರಣ್ಯಶಾಸನವೂ ಧನುರಭ್ಯಾಸವೂ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಾಮಾನ್ಯ ಪ್ರಜೆಯ ಕೈಯ ಬಿಲ್ಲು ಅರಸನಿಗೆ ಬೇಕಾದುದೂ ಹೌದು, ಬೇಡವಾದುದೂ ಹೌದು. ಯುದ್ಧವೊದಗಿದಾಗ ಬಿಲ್ಲಾಳೇ ಸೇನೆಯ ಬಲ. ಅರಸನ ಬೇಟೆಗಾಡಿನಲ್ಲಿ ಅವನೇ ಕಳ್ಳನೆಂಬ ಶಂಕೆ. ಇವೆರಡನ್ನೂ ಶಾಸನಕರ್ತರು ಹೊಂದಿಸಿದ ಬಗೆಯು ವಿಚಾರಾರ್ಹವಾಗಿದೆ.

ಆ ಕಾಲದಲ್ಲಿ ರಾಜಾರಣ್ಯವೆಂದರೆ ಕೇವಲ ಮರಗಳ ಗುಂಪಲ್ಲ. ಅರಣ್ಯಶಾಸನಕ್ಕೊಳಪಟ್ಟ ಸೀಮೆಯ ಹೆಸರು. ಹಳ್ಳಿ, ಹೊಲ, ಹುಲ್ಲುಗಾವಲುಗಳೂ ಅದರೊಳಗೆ ಸೇರಿದ್ದುವು. ೧೧೮೪ರಲ್ಲಿ ಎರಡನೆಯ ಹೆನ್ರಿಯು ವುಡ್‌ಸ್ಟಾಕಿನಲ್ಲಿ ವಿಧಿಸಿದ ಕಟ್ಟಳೆಯಂತೆ, ಅಪ್ಪಣೆಯಿಲ್ಲದೆ ಯಾರೂ ಆ ಸೀಮೆಯಲ್ಲಿ ಬಿಲ್ಲು, ಬಾಣ, ಬೇಟೆನಾಯಿಗಳನ್ನು ಇಟ್ಟುಕೊಳ್ಳಕೂಡದು. ೧೨೧೭ರ ಅರಣ್ಯಸನ್ನದು, ಜಿಂಕೆಯನ್ನು ಕೊಂದವನ ಪ್ರಾಣವನ್ನಾಗಲಿ ಅಂಗವನ್ನಾಗಲಿ ತೆಗೆಯಬಾರದೆಂದು ವಿಧಿಸಿತಾದರೂ, ದಂಡವನ್ನೂ ಸೆರೆಯನ್ನೂ ಉಳಿಸಿತು.

೧೨೮೫ರಲ್ಲಿ ಒಂದನೆಯ ಎಡ್ವರ್ಡನ ವಿಂಚೆಸ್ಟರ್ ಶಾಸನವು, ೧೫ರಿಂದ ೬೦ ವರ್ಷ ವಯಸ್ಸಿನವರೆಲ್ಲರೂ ತಮ್ಮ ಆಸ್ತಿಗನುಗುಣವಾಗಿ ಆಯುಧಗಳನ್ನು ಹೊಂದಿರಬೇಕೆಂದು ವಿಧಿಸಿತು. ಅದರ ಕೊನೆಯ ದರ್ಜೆಯವರಿಗೆ ಹೇಳಿದ ಮಾತು ಗಮನಾರ್ಹ: ಅರಣ್ಯದ ಹೊರಗಿನವರು ಬಿಲ್ಲು ಬಾಣಗಳನ್ನೂ, ಅರಣ್ಯದೊಳಗಿನವರು ಬಿಲ್ಲನ್ನೂ ಮೊಂಡು ಬಾಣಗಳನ್ನೂ ಇಟ್ಟುಕೊಳ್ಳತಕ್ಕದ್ದು. ಅಗಲವಾದ ಅಲಗುಳ್ಳ ಬಾಣವು ಜಿಂಕೆಯ ಒಡಲನ್ನು ಸೀಳಿ, ರಕ್ತಸ್ರಾವದಿಂದ ಅದನ್ನು ಕೊಲ್ಲುವುದು. ಮೊಂಡು ಬಾಣವು ಹಕ್ಕಿಯನ್ನೋ ಸಣ್ಣ ಪ್ರಾಣಿಯನ್ನೋ ಬಡಿದು ಕೆಡಹಬಲ್ಲುದಲ್ಲದೆ ದೊಡ್ಡ ಮೃಗಕ್ಕೆ ಸಾಲದು. ಆದರೆ ಬಿಲ್ಲನ್ನು ಸೆಳೆಯುವ ತೋಳಿನ ಸಾಧನೆಗೆ ಎರಡೂ ಸಮಾನವೇ. ಹೀಗೆ ಶಾಸನವು ಬಿಲ್ಲನ್ನು ಕಸಿಯದೆ ಬಾಣದ ಮೊನೆಯನ್ನು ಮಾತ್ರ ಕಸಿಯಿತು.

೧೩೬೩ರಲ್ಲಿ ಮೂರನೆಯ ಎಡ್ವರ್ಡನು, ದೃಢಕಾಯರೆಲ್ಲರೂ ಹಬ್ಬದ ದಿನಗಳ ವಿರಾಮದಲ್ಲಿ ಕಾಲ್ಚೆಂಡು, ಕೋಳಿಯಂಕ ಮುಂತಾದುವನ್ನು ಬಿಟ್ಟು ಬಿಲ್ಲಿನಾಟವನ್ನೇ ಅಭ್ಯಸಿಸಬೇಕೆಂದು ಆಜ್ಞಾಪಿಸಿದನು. ಆ ಆಜ್ಞೆಯಲ್ಲಿಯೂ ಬಾಣದೊಡನೆ ಮೊಂಡು ಬಾಣದ ಹೆಸರಿರುವುದರಿಂದ, ಅರಣ್ಯವಾಸಿಗೂ ಅದನ್ನು ಪಾಲಿಸಲು ಎಡೆಯಿದ್ದಿತೆನ್ನಬಹುದು.

೧೩೮೧ರ ರೈತರ ದಂಗೆಯ ತರುವಾಯ ಈ ಇಬ್ಬಂದಿ ಇನ್ನೂ ಬಲಿಯಿತು. ಎರಡನೆಯ ರಿಚರ್ಡನ ಕಾಲದ ೧೩೮೮ರ ಶಾಸನವು ಆಳುಗಳೂ ಕೂಲಿಕಾರರೂ ಭಾನುವಾರಗಳಲ್ಲಿ ಬಿಲ್ಲನ್ನು ಅಭ್ಯಸಿಸಬೇಕೆಂದಿತು. ೧೩೯೦ರ ಶಾಸನವಾದರೋ, ಕೂಲಿಕಾರರು ಅವೇ ಪುಣ್ಯದಿನಗಳಲ್ಲಿ ಬೇಟೆಯ ನೆವದಿಂದ ಕೂಡಿ ಒಳಸಂಚು ಹೂಡುವರೆಂದು ದೂರಿ, ವರ್ಷಕ್ಕೆ ೪೦ ಷಿಲಿಂಗು ಭೂ ಆದಾಯವಿಲ್ಲದ ಗೃಹಸ್ಥನು ಬೇಟೆನಾಯಿ, ಬಲೆ, ಉರುಲು ಮೊದಲಾದ ಸಾಧನಗಳಿಂದ ಜಿಂಕೆ ಮೊಲಗಳನ್ನು ಹಿಡಿಯಕೂಡದೆಂದಿತು. ತಪ್ಪಿದರೆ ಒಂದು ವರ್ಷ ಸೆರೆ. ಆ ಪಟ್ಟಿಯಲ್ಲಿ ಬಿಲ್ಲನ್ನು ಹೆಸರಿಸಿಲ್ಲ. ಎರಡು ವರ್ಷಗಳ ಹಿಂದೆ ಕಡ್ಡಾಯಮಾಡಿದುದನ್ನು ಹೆಸರೆತ್ತಿ ನಿಷೇಧಿಸುವುದು ಸುಲಭವಾಗಿರಲಿಲ್ಲ.

ಮೊನೆಯ ಮೇಲೆ ಕಟ್ಟು ಹಾಕಿದಂತೆ ಅಭ್ಯಾಸಕ್ಕೆ ಸ್ಥಳವನ್ನೂ ಗೊತ್ತುಮಾಡಲಾಯಿತು. ೧೫೪೧ರ ಶಾಸನದಂತೆ ಊರೂರಿಗೂ ಗುರಿಯ ಮಣ್ಣುದಿಬ್ಬಗಳಿರಬೇಕಾಯಿತು. ೨೪ ವರ್ಷ ಮೀರಿದವನು ಹಗುರ ಬಾಣವನ್ನು ೨೨೦ ಗಜಕ್ಕಿಂತ ಸಮೀಪದ ಗುರಿಗೆ ಎಸೆಯಕೂಡದಾಯಿತು.

ಪ್ರಾಚೀನ ಅರಣ್ಯಶಾಸನದ ಬಹುಭಾಗವು ೧೯೭೧ರಲ್ಲಿ ರದ್ದಾಯಿತು. ೧೯೮೧ರ ವನ್ಯಜೀವಿ ಶಾಸನವು ಬಿಲ್ಲಿನಿಂದ ಕಾಡುಪ್ರಾಣಿಗಳನ್ನು ಕೊಲ್ಲುವುದನ್ನು ನಿಷೇಧಿಸಿತು. ಬಯಲಿನ ಗುರಿಯಭ್ಯಾಸವು ಮಾತ್ರ ಉಳಿಯಿತು. ಅಂದು ಅರಸನ ಭೋಗಕ್ಕಾಗಿ ಎಳೆದ ಗೆರೆಯು ಇಂದು ಮೃಗಗಳ ರಕ್ಷಣೆಗಾಗಿ ನಿಂತಿದೆ.